ಬ್ಯಾರೆ ಜಾಗಾ

ಶುಭಾ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಂಪನಿಯವರಿಗೆಲ್ಲ ಗೊತ್ತಾಗುವಷ್ಟು ಜೋರಾಗಿ ನಕ್ಕುಬಿಟ್ಟಿದ್ದಳು.

ಹುಬ್ಬಳ್ಳಿಯ ಕೊಪ್ಪೀಕರ ರೋಡಿನ ಬಾಜೂಕಿನ ಓಣಿಯೊಂದರಲ್ಲಿ, ಔಷಧದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಆ ಕಂಪನಿ ಇತ್ತು. ಗಿರಣಿ, ಶೋರೂಮು, ನರ್ಸಿಂಗ್ ಹೋಮುಗಳ ಕೆಲಸಗಾರರು ತಾವು ದುಡಿಯುವ ಜಾಗದ ಬಗ್ಗೆ ಏನಂತಾರೆ ಅನ್ನುವುದನ್ನು ಹೆಸರಿಲ್ಲದೆ ಸಂಗ್ರಹಿಸುವುದು, ಆ ಮಾತುಗಳನ್ನೆಲ್ಲ ಯಂತ್ರದಿಂದ ಓದಿಸಿ ಅಲ್ಲಿ ಗೌರವ ಎಷ್ಟಿದೆ, ಭಯ ಎಷ್ಟಿದೆ, ನೆಮ್ಮದಿ ಎಷ್ಟಿದೆ ಅಂತ ಅಂಕ ಹಾಕಿ ಕೊಡುವುದು ಅವರ ಉದ್ಯೋಗ. ಯಂತ್ರ ಕಟ್ಟಿದವನು ಸುಶ್ರುತ. ಹುಬ್ಬಳ್ಳಿಯಲ್ಲೇ ಹುಟ್ಟಿ, ಮನೆಯಲ್ಲಿ ಈ ಕಡೆಯ ಮಾತನ್ನೇ ಆಡುತ್ತಿದ್ದರೂ ಅವನು ಓದಿದ್ದು, ಬೆಳೆದದ್ದು ಮೈಸೂರಿನ ಕಡೆ. ಅವನ ಯಂತ್ರವೂ ಕನ್ನಡ ಕಲಿತದ್ದು ಪತ್ರಿಕೆಗಳಿಂದ, ಅಂತರ್ಜಾಲದಿಂದ. ನವಲಗುಂದದ ಹತ್ತಿ ಗಿರಣಿಯ ಕೆಲಸಗಾರನೊಬ್ಬ ಹೇಳಿದ ಮಾತಿಗೆ ಅದು ಕೆಂಪು ಬಣ್ಣ ಹಾಕಿ, ಪಕ್ಕದಲ್ಲಿ ‘ಅವಮಾನ’ ಅಂತ ಬರೆದಿತ್ತು. ಮಾತು ಇಷ್ಟೇ: "ನಮ್ಮ ಮೇಸ್ತ್ರಿ ಅಗದಿ ಚಲೋ ಮನಷ್ಯಾರಿ. ಉಂಡಿಯೇನ್ಬೇ ಅಂತ ಕೇಳ್ತಾನ. ಮೈಯಾಗ ಜ್ವರಾ ಇದ್ರ ನಡೀಲೇ ಮನಿಗೆ ಅಂತ ಬೈದು ಕಳಸ್ತಾನ."

"ಅಯ್ಯ, ಇದು ಪ್ರೀತಿ ಮಾರಾಯಾ!" ಎಂದು ಶುಭಾ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಬೇ ಅಂದ್ರ ಬೈಗುಳ ಅಂತ ಯಾರು ಕಲಿಸ್ಯಾರ ನಿನ್ನ ಮಶೀನಿಗೆ? ನಮ್ಮ ಕಡೆ ಬೇ ಅನ್ನಲಿಕ್ಕೆ ಸಲಿಗಿ ಬೇಕು."

ಅವತ್ತಿನಿಂದ ತಕರಾರಿನ ವಾಕ್ಯಗಳೆಲ್ಲ ಆಕೆಯ ಮೇಜಿಗೇ ಬರತೊಡಗಿದವು. ಆಕೆ ಓದಿ ಇದು ಹಸಿರು, ಇದು ಕೆಂಪು, ಇದು ಯಾವುದೂ ಅಲ್ಲ ಅಂತ ಗುರುತು ಹಾಕಿದರೆ ಯಂತ್ರ ಅದನ್ನು ನೋಡಿ ಕಲಿಯುತ್ತಿತ್ತು. ಕುಂದಗೋಳದಿಂದ ದಿನಾ ರೈಲಿಗೆ ಬಂದು ಹೋಗುವ ಹುಡುಗಿಗೆ ಇದಕ್ಕಿಂತ ಮರ್ಯಾದೆಯ ಕೆಲಸ ಇನ್ನೊಂದಿಲ್ಲ ಅನ್ನಿಸಿತ್ತು. ಆಕೆಯ ಅಪ್ಪ ಪಾಂಡುರಂಗ ಮಾಸ್ತರರು ಸರಕಾರಿ ಸಾಲಿಯಿಂದ ನಿವೃತ್ತರಾದವರು. ಓಣಿಯಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಶುಭಾ ಯಂತ್ರಕ್ಕ ಧಾರವಾಡದ ಮಾತು ಕಲಿಸಲಿಕ್ಕೆ ಹತ್ಯಾಳ" ಅಂತ ಹೇಳಿಕೊಂಡು ತಿರುಗುತ್ತಿದ್ದರು.

ಚಳಿ ಇಳಿದು ಮೆಣಸಿನಕಾಯಿ ಸುಗ್ಗಿ ಜೋರಾಗಿದ್ದ ಹೊತ್ತಿನಲ್ಲಿ ಗುಡಗೇರಿ ಸಮೀಪದ ಕಾರ್ಖಾನೆಯೊಂದರ ಕೆಲಸ ಬಂತು. ಒಣಮೆಣಸಿನಕಾಯಿ ತೊಟ್ಟು ಬಿಡಿಸಿ, ಬಣ್ಣ ನೋಡಿ ಬೇರ್ಪಡಿಸಿ, ಪುಡಿ ಮಾಡಿ ಪರದೇಶಕ್ಕೆ ಕಳಿಸುವ ಕಾರ್ಖಾನೆ ಅದು. ದುಡಿಯುವವರು ಹೆಚ್ಚಾಗಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು. ಅವರನ್ನು ಹೇಗೆ ನಡೆಸಿಕೊಳ್ಳುತ್ತೀರಿ ಅಂತ ಪರದೇಶದ ಖರೀದಿದಾರರು ಪುರಾವೆ ಕೇಳಿದ್ದರು. ಮಾಲಕರಿಗೆ ಅಂಕ ಬೇಕಿತ್ತು.

ಶುಭಾ ತಾನೇ ಹೋದಳು. ಗೇಟಿನೊಳಗೆ ಕಾಲಿಟ್ಟ ಕೂಡಲೇ ಘಾಟಿಗೆ ಸೀನು ಹತ್ತಿತು. ಮ್ಯಾನೇಜರ್ ಹುಲಿಗೇಶ ಬೆಲ್ಲದ ಚೂರು ಕೊಟ್ಟು, "ಬಾಯಾಗ ಇಟ್ಕೋರಿ ಮ್ಯಾಡಮ್, ಹೊಂದ್ಕೋತೈತಿ" ಅಂದ. ಗೋದಾಮಿನ ಬಾಜೂಕಿನ ಸಣ್ಣ ಕೋಣೆಯಲ್ಲಿ ಫೋನು ಇಟ್ಟುಕೊಂಡು ಆಕೆ ಕೂತಳು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು, ಆಕೆ ಹೊರಗೆ ಹೋದ ಮೇಲೆ, ಫೋನಿಗೆ ತಮ್ಮ ಮಾತು ಹೇಳಿ ಹೋಗಬೇಕು. ಹೆಸರು ಎಲ್ಲೂ ದಾಖಲಾಗುವುದಿಲ್ಲ ಅಂತ ಪ್ರತಿಯೊಬ್ಬರಿಗೂ ಆಕೆ ಬಿಡಿಸಿ ಹೇಳಿದಳು.

ಒಬ್ಬಾಕೆ, ವಯಸ್ಸಾದವಳು, ಬಾಗಿಲಲ್ಲೇ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದಳು: "ನೀವು ಕುಂದಗೋಳದ ಪಾಂಡುರಂಗ ಮಾಸ್ತರ ಮಗಳಲ್ರಿ?"

"ಹೌದು. ನಿಮಗ ಹೆಂಗ ಗೊತ್ತು?"

"ಮಾರಿ ನೋಡಿದ್ರ ಗೊತ್ತಾಗೂದಿಲ್ಲೇನ್ರಿ. ನಾ ಕುಬಿಹಾಳದ ರೇಣುಕವ್ವ. ನನ್ನ ತಮ್ಮಗ ನಿಮ್ಮಪ್ಪಾರು ಸಾಲಿ ಕಲಿಸ್ಯಾರ. ನಿಮ್ಮ ಅಜ್ಜಿ ಮಥುರಾಬಾಯಾರ ಹಿತ್ತಲಕ್ಕ ನಮ್ಮವ್ವ ಕಸಾ ಹೊಡ್ಯಾಕ ಬರ್ತಿದ್ಲು. ನಾನೂ ಬರ್ತಿದ್ನಿ, ಸಣ್ಣಾಕಿ ಇದ್ದಾಗ."

ಶುಭಾಗೆ ಖುಷಿಯಾಯಿತು. ಪರಿಚಯದವರು ಸಿಕ್ಕರು ಅನ್ನುವ ಸಾದಾ ಖುಷಿ. "ಹಂಗಾರ ಏನೂ ಮುಚ್ಚಿಡಬ್ಯಾಡ್ರಿ ರೇಣುಕವ್ವಾ, ಖುಲ್ಲಾ ಮಾತಾಡ್ರಿ" ಅಂದು ಫೋನು ಕೈಗೆ ಕೊಟ್ಟು ಹೊರಗೆ ಹೋದಳು.

ಊಟದ ಗಂಟೆ ಹೊಡೆದಾಗ ಹುಲಿಗೇಶ ತನ್ನ ಕ್ಯಾಬಿನ್ನಿಗೆ ಕರೆದ. ಅಲ್ಲಿ ಫ್ಯಾನಿನ ಕೆಳಗೆ ಕೂತು, ಗಾಜಿನ ಕಿಟಕಿಗೆ ಬೆನ್ನು ಮಾಡಿ ಆಕೆ ಊಟ ಮಾಡಿದಳು. ಹೊರಗೆ ಯಾರು ಎಲ್ಲಿ ಕೂತು ಉಣ್ಣುತ್ತಾರೆ ಅಂತ ನೋಡಲಿಲ್ಲ. ನೋಡಬೇಕು ಅಂತ ಹೊಳೆಯಲೂ ಇಲ್ಲ.

ವಾರದ ನಂತರ ಹುಬ್ಬಳ್ಳಿಯಲ್ಲಿ ಮಾತುಗಳ ತಪಾಸಣೆ ನಡೆದಿತ್ತು. ಯಂತ್ರ ಈಗ ಸಾಕಷ್ಟು ಜಾಣ ಆಗಿತ್ತು. ‘ಲೇ’ ಅಂದರೆ ಬೆದರುತ್ತಿರಲಿಲ್ಲ. ಕೆಮ್ಮು, ಕಣ್ಣುರಿ, ಕೈಗವಸಿನ ತಕರಾರುಗಳನ್ನೆಲ್ಲ ಸರಿಯಾಗಿ ಕೆಂಪಿಗೆ ಹಾಕಿತ್ತು. ಗೌರವದ ಖಾನೆಯಲ್ಲಿ ಎಲ್ಲಕ್ಕಿಂತ ಮೇಲೆ, ಗಾಢ ಹಸಿರಿನಲ್ಲಿ ಒಂದು ಮಾತು ಇತ್ತು. ಸುಶ್ರುತ ಅದನ್ನು ತೋರಿಸಿದ.

"ಇದೊಂದು ನೋಡು. ಇಷ್ಟು ಮ್ಯಾಲ ಹೋಗ್ಯದಲ್ಲ, ಖರೇ ಅನಸ್ತದೇನು ನಿನಗ?"

ಶುಭಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಹಿಂದೆ ಜರಡಿ ಯಂತ್ರದ ಸದ್ದು. ಅದರ ಮುಂದೆ ಮೆತ್ತಗಿನ, ಅವಸರವಿಲ್ಲದ ಧ್ವನಿ: "ಎಲ್ಲಾ ಚಲೋ ಐತ್ರಿ. ಉಣ್ಣಾಕ ನಮಗ ಬ್ಯಾರೆ ಜಾಗಾ ಮಾಡಿಕೊಟ್ಟಾರ್ರಿ. ಗ್ವಾಡಿ ಬಾಜೂಕ, ನೆಳ್ಳ ಐತಿ. ನಮ್ಮಷ್ಟಕ್ಕ ನಾವು ಕುಂದ್ರತೀವಿ. ಯಾರೂ ಏನೂ ಅನ್ನಂಗಿಲ್ರಿ. ಭಾಳ ಮರ್ಯಾದಿ ಕೊಡ್ತಾರ್ರಿ."

ಧ್ವನಿ ಯಾರದೆಂದು ಆಕೆಗೆ ಗುರುತು ಸಿಕ್ಕಿತು. ‘ನಮಗೆ’ ಅಂದರೆ ಯಾರಿಗೆ ಅನ್ನುವುದೂ ಗೊತ್ತಾಯಿತು. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಜ್ಜಿಯ ಹಿತ್ತಲ ಗೋಡೆಯಲ್ಲಿ ಒಂದು ಗೂಡಿತ್ತು. ಆ ಗೂಡಿನಲ್ಲಿ ಹಿಡಿಕೆ ಮುರಿದ ಒಂದು ಕಪ್ಪು ಯಾವಾಗಲೂ ಬೋರಲು ಬಿದ್ದಿರುತ್ತಿತ್ತು. ಕಸ ಹೊಡೆಯಲು ಬಂದವಳು ಅದನ್ನು ತಾನೇ ತೊಳೆದು ಹಿಡಿಯಬೇಕು, ಅಜ್ಜಿ ಎತ್ತರದಿಂದ ಚಹಾ ಸುರಿಯಬೇಕು. ಚಿಕ್ಕಂದಿನಲ್ಲಿ ಶುಭಾ ಆ ಕಪ್ಪನ್ನು ಆಟಕ್ಕೆ ತೆಗೆದುಕೊಂಡು ಪೆಟ್ಟು ತಿಂದಿದ್ದಳು.

"ಹೂಂ?" ಎಂದ ಸುಶ್ರುತ.

ಆಕೆ ತಡೆದಳು. ಹೇಳಿದರೆ ಎಲ್ಲಿಂದ ಶುರು ಮಾಡಬೇಕು? ಈ ಮಾತಿನಲ್ಲಿ ಸಿಟ್ಟಿಲ್ಲ, ದೂರಿಲ್ಲ. ಹೇಳಿದವಳೇ ಮರ್ಯಾದೆ ಅಂದಿದ್ದಾಳೆ. ಅಲ್ಲ ಅನ್ನಲು ನಾನು ಯಾರು? ವರದಿ ನಾಳೆ ಹೋಗಬೇಕು. ಮೇಲಾಗಿ, ಸುಶ್ರುತನ ಮುಂದೆ ಅಜ್ಜಿಯ ಮನೆಯ ಕಪ್ಪಿನ ಮಾತು ತೆಗೆಯುವುದು ಆಕೆಗೆ ಬೇಡವಾಗಿತ್ತು.

"ಸರಿ ಅದ," ಅಂದಳು. "ಇರ್ಲಿ ಬಿಡು."

ಶುಭಾಳ ಸಹಿ ಬಿದ್ದು ವರದಿ ಹೋಯಿತು. ಗೌರವದ ಅಂಕ ಮಾಲಕರು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಬಂದಿತ್ತು. ಅತಿ ಒಳ್ಳೆಯ ಅಂಕ ಪಡೆದ ಮಾತುಗಳನ್ನು ಆರಿಸಿ ವರದಿಯ ಕೊನೆಗೆ ಸಲಹೆ ಬರೆಯುವ ಕೆಲಸವೂ ಯಂತ್ರದ್ದೇ. ಊಟದ ಪ್ರತ್ಯೇಕ ವ್ಯವಸ್ಥೆಯ ಬಗ್ಗೆ ಕಾರ್ಮಿಕರಿಗೆ ತುಂಬ ಸಮಾಧಾನವಿದೆ, ಇದನ್ನು ಇನ್ನಷ್ಟು ಬೆಳೆಸಬಹುದು ಅಂತ ಅದು ಬರೆದಿತ್ತು. ಶುಭಾ ಆ ಸಾಲನ್ನು ಓದಿದಳೋ ಇಲ್ಲವೋ, ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಓದಿದ್ದರೂ ಹಾಗೇ ಬಿಟ್ಟಿರುತ್ತಿದ್ದೆ ಅನ್ನುವುದು ಮಾತ್ರ ಆಕೆಗೆ ಖಾತ್ರಿಯಿತ್ತು.

ಯುಗಾದಿ ಕಳೆದ ಮೇಲೆ ಕಾರ್ಖಾನೆಯಿಂದ ಕರೆ ಬಂತು. ಹೊಸ ಊಟದ ಮನೆ ಕಟ್ಟಿಸಿದ್ದೇವೆ, ನಿಮ್ಮ ವರದಿಯಿಂದಲೇ ಆದದ್ದು, ನೀವು ಬರಲೇಬೇಕು ಅಂತ.

ನೀಲಿ ತಗಡಿನ ಮಾಡು, ಬಿಳಿ ಟೈಲ್ಸಿನ ನೆಲ, ಎರಡು ಫ್ಯಾನು, ಕುಡಿಯುವ ನೀರಿನ ಯಂತ್ರ, ಕೈ ತೊಳೆಯಲು ಬೇಸಿನ್ನು. ಬಾಗಿಲಿಗೆ ಚೆಂಡುಹೂವಿನ ಮಾಲೆ. ನೋಡಿದ ಕೂಡಲೇ ಚೆಂದ ಅನ್ನಿಸಿತು. ಮಾಲಕರು ರಿಬ್ಬನ್ ಕತ್ತರಿಸಿ, "ಕಾರ್ಮಿಕರು ಕೇಳಿದ್ರು, ನಾವು ಮಾಡಿದ್ವಿ" ಅಂದರು. ಚಪ್ಪಾಳೆ ಬಿತ್ತು. ಹುಲಿಗೇಶ ಕೈ ಬೀಸಿ ಕರೆಯತೊಡಗಿದ. "ಬರ್ರಿ, ಗ್ವಾಡಿ ಬಾಜೂಕ ಕುಂದ್ರಾವ್ರೆಲ್ಲಾ ಬರ್ರಿ. ಇದು ನಿಮ್ಮದು. ಉಳಿದಾವ್ರು ಹಳೇ ಹಾಲಿಗೆ ನಡೀರಿ."

ಆಗ ಶುಭಾಗೆ ಅರ್ಥವಾಯಿತು. ಗೋಡೆಯ ನೆರಳಿನಲ್ಲಿ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದವರಿಗೆ, ಕೇರಿಯ ಹೆಣ್ಣುಮಕ್ಕಳಿಗೆ, ಪ್ರತ್ಯೇಕ ಮನೆಯೇ ಎದ್ದು ನಿಂತಿತ್ತು. ಮೊದಲು ಇಲ್ಲಿ ಕೂರಿ ಅಂತ ಯಾರೂ ಆಜ್ಞೆ ಮಾಡಿರಲಿಲ್ಲ. ಊರಿನ ರೂಢಿ ಅವರ ಜೊತೆ ನಡೆದು ಗೇಟಿನೊಳಗೆ ಬಂದಿತ್ತು, ಅಷ್ಟೆ. ಈಗ ಅದಕ್ಕೆ ಸಿಮೆಂಟು ಬಿದ್ದಿತ್ತು.

ತೂಕದ ಯಂತ್ರದ ಹತ್ತಿರ ಇಬ್ಬರು ಹುಡುಗಿಯರು ಡಬ್ಬಿ ಬಿಚ್ಚಿಕೊಂಡು ನಿಂತಿದ್ದರು. ಬಣ್ಣ ಬೇರ್ಪಡಿಸುವ ಯಂತ್ರ ನಡೆಸುವ ಗಂಗಾ, ಆಕೆಯ ಗೆಳತಿ ತಹಸೀನ್. ಕೆಲವು ತಿಂಗಳಿಂದ ಇಬ್ಬರೂ ಅಲ್ಲೇ ಕೂತು ಒಂದೇ ಡಬ್ಬಿಯ ಮುಚ್ಚಳದಲ್ಲಿ ಚಟ್ನಿ ಕಲಸಿಕೊಂಡು ಉಣ್ಣುತ್ತಿದ್ದರಂತೆ. ಇನ್ನೂ ಕೆಲವರು ಅವರ ಜೊತೆ ಕೂರಲು ಶುರು ಮಾಡಿದ್ದರಂತೆ. ಇದೆಲ್ಲ ಶುಭಾಗೆ ತಿಳಿದದ್ದು ಆಮೇಲೆ.

"ಗಂಗಾ, ನಿಂದು ಈ ಕಡೆ ಐತಲ್ಲವಾ," ಎಂದ ಹುಲಿಗೇಶ. ಅವನ ಧ್ವನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. "ಹೊಸಾದು, ಫ್ಯಾನ್ ಹಾಕ್ಸೇವಿ. ಅಲ್ಲಿ ಧೂಳಾಗ ಯಾಕ ಕುಂದ್ರತಿ?"

"ಹಂಗಾರ ನಾನೂ ಅಲ್ಲೇ ಬರ್ತೀನ್ರಿ," ಎಂದಳು ತಹಸೀನ್.

"ಬ್ಯಾಡ ಬ್ಯಾಡ. ನಿಂದು ಹಳೇ ಹಾಲ್. ಅವರದು ಅವರಿಗೆ, ನಿಮ್ಮದು ನಿಮಗ."

ಗಂಗಾ ಡಬ್ಬಿಯ ಮುಚ್ಚಳ ಹಾಕಿದಳು. "ಇದನ್ನ ಯಾರು ಕೇಳಿದ್ರಿ?"

"ನೀವಽ ಕೇಳೀರಿ. ಫೋನಿನಾಗ ಹೇಳೀರಿ, ಮಶೀನ್ ಓದೈತಿ. ಬೇಕಾರ ಮ್ಯಾಡಮ್ಮಾರು ಇಲ್ಲೇ ಅದಾರ, ಕೇಳು."

ಗಂಗಾ ತಿರುಗಿ ನೋಡಿದಳು. ಎಲ್ಲರೂ ನೋಡಿದರು. ಶುಭಾಳ ಕೈಯಲ್ಲಿ ಮಾಲಕರು ಆಗಷ್ಟೇ ಕೊಟ್ಟ ಹೂವಿನ ಗುಚ್ಛವಿತ್ತು. ಹೌದು ಅಂದರೂ ಸುಳ್ಳು, ಅಲ್ಲ ಅಂದರೂ ಸುಳ್ಳು. ಗಂಗಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಅವಸರ ಮಾಡದೆ ಗೇಟಿನ ಕಡೆ ನಡೆದಳು. ಮರುದಿನ ಕೆಲಸಕ್ಕೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ತಹಸೀನ್ ಹೊಸ ಊಟದ ಮನೆಯ ಬಾಗಿಲಿನ ತನಕ ಹೋಗಿ, ಒಳಗೆ ಕೂತವರು ಮುಜುಗರದಿಂದ ತಲೆ ತಗ್ಗಿಸಿದ್ದು ಕಂಡು, ತಿರುಗಿ ಬಂದಳು.

ಸಮಾರಂಭದ ದಿನವೇ ಸಂಜೆ ಶುಭಾ ಎಲ್ಲವನ್ನೂ ಸುಶ್ರುತನಿಗೆ ಹೇಳಿದಳು. ಅವನು ಆ ಹಸಿರು ಮಾತನ್ನು ತೆರೆದು ಮತ್ತೊಮ್ಮೆ ಓದಿದ.

"ನನಗ ಗೊತ್ತಾಗಲಿಲ್ಲ," ಎಂದ. "ಬ್ಯಾರೆ ಜಾಗ ಅಂದ್ರ ಸವಲತ್ತು ಅಂದ್ಕೊಂಡೆ. ನಿನಗ?"

"ಗೊತ್ತಾಗಿತ್ತು."

ಅವನು ಬೇರೇನೂ ಕೇಳಲಿಲ್ಲ. ಕೇಳಿದ್ದರೆ, ಬೈದಿದ್ದರೆ ಚಲೋ ಇತ್ತು ಅನ್ನಿಸಿತು ಆಕೆಗೆ.

ಮಾಲಕರಿಗೆ ಫೋನು ಮಾಡಿ, ವರದಿಯಲ್ಲಿ ತಪ್ಪಾಗಿದೆ, ತಿದ್ದಿ ಕಳಿಸುತ್ತೇವೆ, ದಯವಿಟ್ಟು ಎಲ್ಲರೂ ಒಂದೇ ಕಡೆ ಕೂರುವ ಹಾಗೆ ಮಾಡಿ ಅಂದಳು. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. "ಮ್ಯಾಡಮ್, ನಾ ಏನ್ ಕೆಟ್ಟದ್ದು ಮಾಡೇನ್ರಿ? ಗೋಣಿಚೀಲದ ಮ್ಯಾಲ ಕುಂದ್ರಾವ್ರಿಗೆ ಟೈಲ್ಸ್ ಹಾಕ್ಸೇನಿ. ಈಗ ಎಲ್ಲಾರೂ ಕೂಡಿ ಕುಂದ್ರರಿ ಅಂದ್ರ ಇವ್ರೂ ಮುನಿಸ್ಕೋತಾರ, ಅವ್ರೂ ಮುನಿಸ್ಕೋತಾರ. ಮತ್ತ, ಆಗ ಸರಿ ಅಂತ ಸಹಿ ಹಾಕಿದಾವ್ರು ನೀವಽ ಅಲ್ರಿ? ಖರೀದಿದಾರರು ಒಪ್ಪ್ಯಾರ. ಮುಗೀತು."

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತೇನೋ. ಆದರೆ ಶುಭಾಗೆ ನಿದ್ದೆ ಹತ್ತದಾಯಿತು. ಗಂಗಾಳನ್ನು ಕಂಡು ಮಾತಾಡಬೇಕು, ತಪ್ಪಾಯಿತು ಅನ್ನಬೇಕು ಅನ್ನುವುದು ಒಂದೇ ಸಮನೆ ಕೊರೆಯತೊಡಗಿತು. ತಹಸೀನಳನ್ನು ಕೇಳಿದಾಗ, ಗಂಗಾ ರೇಣುಕವ್ವನ ಮಗಳು ಅಂತ ತಿಳಿಯಿತು. ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಒಂದು ರವಿವಾರ ಮುಂಜಾನೆ ಟಂಟಂ ಆಟೋ ಹಿಡಿದು ಕುಬಿಹಾಳಕ್ಕೆ ಹೋದಳು.

ಮನೆ ಸಣ್ಣದು, ಚೊಕ್ಕ. ಗೋಡೆಯ ಮೇಲೆ ಬುದ್ಧನ ಪಟ, ಬಾಜೂಕ್ಕೆ ಅಂಬೇಡ್ಕರರದು. ಕೆಳಗೆ ಗಂಗಾ ಬಿ.ಎ. ಪದವಿ ತೆಗೆದುಕೊಳ್ಳುತ್ತಿರುವ ಫೋಟೊ. ರೇಣುಕವ್ವ ಗಡಬಡಿಸಿ ಕಂಬಳಿ ಝಾಡಿಸಿ ಹಾಸಿದಳು. "ಮಾಸ್ತರ ಮಗಳು ನಮ್ಮ ಮನಿಗೆ ಬಂದ್ರು" ಅಂತ ಎರಡೆರಡು ಸಲ ಅಂದಳು. ಚಹಾ ಬಂತು. ಶುಭಾ ಕುಡಿದಳು. ಕುಡಿಯುವಾಗ ರೇಣುಕವ್ವ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಗಂಗಾ, ನನ್ನಿಂದ ತಪ್ಪಾತು," ಎಂದಳು ಶುಭಾ. "ಆ ಮಾತು ಬಂದಾಗ ನನಗ ಅದರ ಅರ್ಥ ತಿಳಿದಿತ್ತು. ಹೇಳಬೇಕಿತ್ತು, ಹೇಳಲಿಲ್ಲ. ಮಾಫಿ ಮಾಡು."

ಗಂಗಾ ಹೊಸ್ತಿಲಿಗೆ ಒರಗಿ ನಿಂತಿದ್ದಳು. "ಯಾವ ಮಾತ್ರಿ?"

"ಬ್ಯಾರೆ ಜಾಗಾ ಮಾಡಿಕೊಟ್ಟಾರ, ಮರ್ಯಾದಿ ಕೊಡ್ತಾರ, ಅಂತ ಒಬ್ರು ಹೇಳಿದ್ರು."

"ಯಾರು ಹೇಳಿದ್ರು?"

"ಹೆಸರು ಇರೂದಿಲ್ಲ. ಹೇಳಲಿಕ್ಕೆ ಬರೂದಿಲ್ಲ."

"ಹೆಸರು ಬ್ಯಾಡ್ರಿ. ಅಂಥಾ ಮಾತು ಯಾರ ಬಾಯಾಗ ಬಂತು ಅಂತ ನನಗ ಗೊತ್ತಾಗ್ಬೇಕು. ನಾನು ತಹಸೀನ್ ಜೋಡಿ ಕುಂದ್ರಾಕ ಎಷ್ಟು ಒದ್ದಾಡೇನಿ ಗೊತ್ತೇನ್ರಿ? ಮೊದಲಿಗೆ ಆಕೀಗೆ ಎಲ್ಲಾರೂ ಅಂದ್ರು, ನನಗೂ ಅಂದ್ರು. ಮಹಾಲಕ್ಷ್ಮಿ ಬಂದು ಕುಂತ್ಲು, ದೇವಕ್ಕ ಬಂದು ಕುಂತ್ಲು. ಮುಂದಿನ ಸುಗ್ಗಿ ಅನ್ನೂದ್ರಾಗ ಗ್ವಾಡಿ ಬಾಜೂಕ ಯಾರೂ ಇರ್ತಿರ್ಲಿಲ್ಲ. ಅಷ್ಟರಾಗ ಯಾರೋ ಹೋಗಿ ಮರ್ಯಾದಿ ಕೊಡ್ತಾರ ಅಂತ ಹೇಳ್ತಾರ! ನಾಚಿಕಿ ಬರೂದಿಲ್ಲೇನು?"

"ಗಂಗಾ," ಎಂದಳು ರೇಣುಕವ್ವ. ಒಲೆಯ ಮುಂದೆ ಕೂತಿದ್ದವಳು ಎದ್ದಿರಲಿಲ್ಲ. "ನಾನಽ ಹೇಳಿದ್ನೆವಾ."

ಹೊರಗೆ ಯಾರೋ ಟ್ರ್ಯಾಕ್ಟರ್ ಚಾಲೂ ಮಾಡುತ್ತಿದ್ದರು. ಅದು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು.

"ನಿನಗ ಗೊತ್ತಿಲ್ಲ," ಎಂದಳು ರೇಣುಕವ್ವ, ಮಗಳನ್ನು ನೋಡದೆ. "ನಾವು ಹೊಲದಾಗ ದುಡ್ಯಾಕ ಹೋದ್ರ ದೂರ ನಿಂದರ್ಸಿ ಉಡ್ಯಾಗ ರೊಟ್ಟಿ ಒಗೀತಿದ್ರು. ಬಿಸಲಾಗ ನಿಂತು ತಿಂತಿದ್ವಿ. ಇಲ್ಲಿ ನೆಳ್ಳ ಇತ್ತು. ಯಾರೂ ಏಳು ಅಂತಿರ್ಲಿಲ್ಲ. ನನಗ ಅದಽ ಮರ್ಯಾದಿ ಅನಿಸ್ತು. ಮತ್ತ ಕೇಳಾವ್ರು ಮಥುರಾಬಾಯಾರ ಮೊಮ್ಮಗಳು. ಅವರ ಮುಂದ ಇನ್ನೇನ್ ಹೇಳ್ಲಿ?"

ಶುಭಾ ನೆಲ ನೋಡಿದಳು. ಹೆಸರು ಕೇಳದೆ, ಬಾಗಿಲು ಮುಚ್ಚಿ, ಹೊರಗೆ ಹೋಗಿ ನಿಂತರೆ ಮಾತು ಖುಲ್ಲಾ ಬರುತ್ತದೆ ಅಂದುಕೊಂಡಿದ್ದಳು. ತಾನು ಹೊರಗೆ ಹೋದ ಮೇಲೂ ಅಜ್ಜಿ ಆ ಕೋಣೆಯಲ್ಲೇ ಕೂತಿದ್ದಳು ಅನ್ನುವುದು ಆಕೆಗೆ ತಿಳಿದಿರಲಿಲ್ಲ.

ಗಂಗಾ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ರೇಣುಕವ್ವ ಖಾಲಿ ಕಪ್ಪನ್ನು ಎತ್ತಿಕೊಂಡು, "ಸಿಟ್ಟು ಭಾಳ ಆಕೀಗೆ. ನೀವು ಮನಸಿಗೆ ಹಚ್ಕೋಬ್ಯಾಡ್ರಿ" ಅಂತ ಶುಭಾಗೇ ಸಮಾಧಾನ ಹೇಳಿದಳು.

ತನ್ನ ಎದೆಯ ಭಾರ ಇಳಿಸಲು ಹೋದವಳು ಅದನ್ನು ಆ ತಾಯಿ ಮಗಳ ನಡುವೆ ಇಟ್ಟು ಬಂದಿದ್ದಳು. ಟಂಟಂನಲ್ಲಿ ಕೂತು ಹೊರಟಾಗ, ಗಂಗಾ ಕೆರೆಯ ದಂಡೆಯ ಮೇಲೆ ಒಬ್ಬಳೇ ಕೂತಿರುವುದು ಕಂಡಿತು. ಇಳಿದು ಹೋಗಲು ಧೈರ್ಯವಾಗಲಿಲ್ಲ.

ಗಂಗಾಗೆ ಆಮೇಲೆ ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕಿತು. ಅಲ್ಲೇ ಹಾಸ್ಟೆಲ್ಲಿನಲ್ಲಿ ಇರುತ್ತಾಳೆ, ಹಬ್ಬಕ್ಕೆ ಮಾತ್ರ ಊರಿಗೆ ಬರುತ್ತಾಳೆ ಅಂತ ತಹಸೀನ್ ಹೇಳಿದಳು. ರೇಣುಕವ್ವ ಕೆಲಸ ಬಿಡಲಿಲ್ಲ. ಹೊಸ ಊಟದ ಮನೆಯಲ್ಲಿ ಫ್ಯಾನಿನ ಕೆಳಗೆ ಕೂರುತ್ತಾಳಂತೆ. ಡಬ್ಬಿ ಬಿಚ್ಚಿ, ಅರ್ಧ ಉಂಡು, ಮುಚ್ಚಿ ಇಡುತ್ತಾಳಂತೆ.

ಶುಭಾ ಮತ್ತು ಸುಶ್ರುತ ಯಂತ್ರವನ್ನು ತಿದ್ದಲು ಬಹಳ ದುಡಿದರು. ನಮ್ಮಷ್ಟಕ್ಕೆ ನಾವು, ಯಾರೂ ಏನೂ ಅನ್ನೋದಿಲ್ಲ, ನಮಗೆ ಬೇರೆ, ಇಂಥ ಮಾತು ಬಂದ ಕಡೆಯಲ್ಲೆಲ್ಲ ಈಗ ಅದು ನಿಂತು, ಇಲ್ಲಿ ಮನುಷ್ಯರು ಹೋಗಿ ನೋಡಬೇಕು ಅಂತ ಗುರುತು ಹಾಕುತ್ತದೆ. ಯಾವ ಕಾರ್ಖಾನೆಗೆ ಹೋದರೂ ಶುಭಾ ಊಟದ ಹೊತ್ತಿಗೆ ಕ್ಯಾಬಿನ್ನಿನಲ್ಲಿ ಕೂರುವುದಿಲ್ಲ. ಅಜ್ಜಿಯ ಕಪ್ಪಿನ ಮಾತನ್ನು ಅಪ್ಪನ ಹತ್ತಿರ ಒಮ್ಮೆ ತೆಗೆದಳು. ಪಾಂಡುರಂಗ ಮಾಸ್ತರರು ಪೇಪರು ಮಡಚಿಟ್ಟು, "ಆವಾಗಿನ ಕಾಲ ಹಂಗಿತ್ತು" ಅಂದರು. ಅನ್ನುವಾಗ ಆಕೆಯ ಮುಖ ನೋಡಲಿಲ್ಲ. ಆಮೇಲಿಂದ ಓಣಿಯಲ್ಲಿ ಯಂತ್ರದ ಮಾತು ಎತ್ತುವುದನ್ನೂ ಬಿಟ್ಟರು.

ಮುಂದಿನ ಸುಗ್ಗಿಗೆ ಆ ಕಾರ್ಖಾನೆಯ ಮಾತುಗಳು ಮತ್ತೆ ಬಂದವು. ಶುಭಾ ಒಂದೊಂದನ್ನೂ ತಾನೇ ಕೇಳಿದಳು. ಎಲ್ಲಾ ಚಲೋ ಐತ್ರಿ. ಏನೂ ತ್ರಾಸಿಲ್ರಿ. ಎಲ್ಲಾ ಆರಾಮ್ರಿ. ಊಟದ ಬಗ್ಗೆ ಒಬ್ಬರೂ ಒಂದು ಮಾತು ಆಡಿರಲಿಲ್ಲ. ಕೆಮ್ಮಿನ ಬಗ್ಗೆ, ಕೈಗವಸಿನ ಬಗ್ಗೆ ಕೂಡ ಇಲ್ಲ. ಮಾತಾಡಿದರೆ ಏನು ಕಟ್ಟುತ್ತಾರೋ ಅನ್ನುವ ಹಾಗೆ ಇಡೀ ಕಾರ್ಖಾನೆ ಬಾಯಿ ಹೊಲಿದುಕೊಂಡಿತ್ತು. ಒಂದು ಧ್ವನಿ ಮಾತ್ರ, ಹರೆಯದ್ದು, ಸ್ವಲ್ಪ ತಡೆದು ಹೇಳಿತು: "ನನ್ನ ಗೆಳತಿ ಬಿಟ್ಟು ಹೋದ್ಲು. ಮತ್ತೇನ್ ಕೇಳ್ತೀರಿ?"

ಯಂತ್ರ ಎಲ್ಲವನ್ನೂ ಕೂಡಿಸಿ ಹೋದ ಸಲಕ್ಕಿಂತ ಒಳ್ಳೆಯ ಅಂಕ ಕೊಟ್ಟಿತು. ಶುಭಾ ಅದನ್ನು ಒಪ್ಪಲಿಲ್ಲ. ಈ ಮಾತುಗಳಿಂದ ಏನೂ ತಿಳಿಯುವುದಿಲ್ಲ, ಇಲ್ಲಿ ಜನ ಮಾತಾಡುವುದನ್ನು ಬಿಟ್ಟಿದ್ದಾರೆ, ಅದಕ್ಕೆ ಕಾರಣ ನಾವು ಅಂತ ವರದಿಯಲ್ಲಿ ಬರೆದಳು. ಸುಶ್ರುತ ಓದಿ, ಒಂದಕ್ಷರ ತಿದ್ದದೆ ಕಳಿಸಿದ.

ಮಾಲಕರು ಬೇರೆ ಕಂಪನಿಯನ್ನು ಹುಡುಕಿಕೊಂಡರು. ಅಂಕ ಅಲ್ಲೂ ಚಲೋ ಬಂತು ಅಂತ ಕೇಳಿದಳು ಶುಭಾ.